ದರ್ಶನ ಮುಗಿದ ಮೇಲೆ ನಂಜನಗೂಡಿನಲ್ಲಿ ಮಗನಿಗೆ ಏನು ತೋರಿಸಲಿ?

ಪುಣೆಯ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ಕಳೆದ ಮೇಲೆ ಮಗಳ ಮುಡಿ ತೆಗೆಸೋಕೆ ನಂಜನಗೂಡಿಗೆ ಬರ್ತಿದೀವಿ. ಹರಕೆ ನಮ್ಮಜ್ಜಿ ಹೊತ್ತದ್ದು. ಅವರು ಹೋಗಿ ಎರಡು ವರ್ಷ ಆಯ್ತು, ಹರಕೆ ಹಾಗೇ ಉಳಿದಿದೆ. ರಥಬೀದಿಯ ಹಿಂದಿನ ಓಣಿಯಲ್ಲಿ ಅಜ್ಜಿ ಮನೆ ಇತ್ತು. ನಾನು ಐದನೇ ಕ್ಲಾಸಲ್ಲಿದ್ದಾಗಲೇ ಅದನ್ನ ಮಾರಿದ್ರು. ಆಮೇಲೆ ಈ ಊರು ಅಂದ್ರೆ ನನಗೆ ಬಸ್‌ಸ್ಟ್ಯಾಂಡಿಂದ ದೇವಸ್ಥಾನ, ದೇವಸ್ಥಾನದಿಂದ ಹೊಳೆ, ಹೊಳೆಯಿಂದ ಮತ್ತೆ ಬಸ್‌ಸ್ಟ್ಯಾಂಡು, ಅಷ್ಟೇ.

ಮಗನಿಗೆ ಒಂಬತ್ತು ವರ್ಷ. "ಮುತ್ತಜ್ಜಿ ಊರಲ್ಲಿ ದೇವಸ್ಥಾನ ಬಿಟ್ಟು ಇನ್ನೇನಿದೆ?" ಅಂತ ಕೇಳ್ದ. ರಸಬಾಳೆ ಹಣ್ಣು ಅಂದೆ, ಹಲ್ಲುಪುಡಿ ಅಂದೆ, ಮುಂದಕ್ಕೆ ಮಾತು ಹೊರಡಲಿಲ್ಲ. ನಮ್ಮ ಮನೆಯವರು ಮಹಾರಾಷ್ಟ್ರದವರು, ಅವರಿಗೆ ಪೈಠಣ, ಪಂಢರಪುರದ ಒಂದೊಂದು ಮೂಲೆಯೂ ಗೊತ್ತು. ನನಗೆ ನನ್ನ ಊರೇ ಗೊತ್ತಿಲ್ಲವಲ್ಲ ಅಂತ ಆವತ್ತು ತುಂಬಾ ಬೇಜಾರಾಯ್ತು. ಒಂದೂವರೆ ದಿನ ಇರ್ತೀವಿ. ಊರಿನವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಲಿ?

ರಥಬೀದಿ ಹುಡುಗ

ಅಕ್ಕ, ಮೊದಲು ಒಂದು ಮಾತು. ಸೋಮವಾರ, ಹುಣ್ಣಿಮೆ ಎರಡೂ ಬೇಡ. ಚಿಕ್ಕ ಮಗೂನ ಕಟ್ಟಿಕೊಂಡು ಆ ಜನದಲ್ಲಿ ನಿಲ್ಲೋಕಾಗಲ್ಲ. ಬುಧವಾರವೋ ಗುರುವಾರವೋ ಬೆಳಿಗ್ಗೆ ಬೇಗ ಬನ್ನಿ. ಮುಡಿ ಕೊಟ್ಟು, ಸ್ನಾನ ಮಾಡಿಸಿ, ದರ್ಶನ ಮುಗಿಸಿ ಈಚೆ ಬರೋ ಹೊತ್ತಿಗೆ ಎಂಟೂವರೆ. ಉಳಿದ ದಿನವೆಲ್ಲ ನಿಮ್ಮದೇ.

ಒಳಗೆ ಹೋದಾಗ ಮಗನಿಗೆ ಒಂದು ಕೆಲಸ ಕೊಡಿ. ಪ್ರಾಕಾರದಲ್ಲಿ ಅರವತ್ತಮೂವರು ಪುರಾತನರ, ಅಂದ್ರೆ ಹಳೇ ಶಿವಭಕ್ತರ, ಮೂರ್ತಿಗಳು ಸಾಲಾಗಿವೆ. ಅದರಲ್ಲಿ ಬೇಡರ ಕಣ್ಣಪ್ಪ ಯಾರು ಅಂತ ಹುಡುಕು ಅನ್ನಿ. ನಾನು ಚಿಕ್ಕವನಿದ್ದಾಗ ನಮ್ಮ ತಾತ ಇದೇ ಆಟ ಆಡಿಸ್ತಿದ್ರು. ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಟೆಗಾರನ ಕಥೆ ಹೇಳ್ತಾ ಒಂದು ಸುತ್ತು ಬಂದ್ರೆ ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲ್ಲ. ಕ್ಯೂನಲ್ಲಿ ನಿಂತು, ಮಂಗಳಾರತಿ ತಗೊಂಡು, ಹಿಂದಕ್ಕೆ ತಿರುಗಿ ನೋಡದೆ ಹೊರಟುಬಿಡೋರು ಕಳ್ಕೊಳ್ಳೋದು ಇದನ್ನೇ.

ಶಾಸನದ ಬೆನ್ನು ಹತ್ತಿದವ

ಅದರ ಜೊತೆ ಇನ್ನೊಂದು ವಿಷಯ ಹೇಳಿಕೊಡಿ ಅಮ್ಮ. ಈ ಗುಡಿಯನ್ನ ಒಬ್ಬ ರಾಜ ಒಂದೇ ಸಲ ಕಟ್ಟಿ ಮುಗಿಸಿದ್ದಲ್ಲ. ಗರ್ಭಗುಡಿಯ ಭಾಗ ಗಂಗರು, ಚೋಳರ ಕಾಲಕ್ಕೆ ಹೋಗುತ್ತೆ. ಹೊಯ್ಸಳರು, ವಿಜಯನಗರದವರು, ಕೊನೆಗೆ ಮೈಸೂರಿನವರು ಸೇರಿಸ್ತಾ ಬಂದು ಈಗಿರುವ ಅಳತೆಗೆ ಬಂದಿದೆ: 385 ಅಡಿ ಉದ್ದ, 160 ಅಡಿ ಅಗಲ, 147 ಕಂಬ. ಎಲ್ಲರೂ ಮೊಬೈಲ್ ಎತ್ತಿ ಫೋಟೋ ಹೊಡೆಯೋ ಆ ಏಳು ಅಂತಸ್ತಿನ 120 ಅಡಿ ಗೋಪುರ ಈ ಗುಡಿಗೆ ತೀರಾ ಈಚೆಗೆ ಸೇರಿದ ಭಾಗಗಳಲ್ಲೊಂದು. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವರಾಜಮ್ಮಣ್ಣಿಯವರು 1845ರಲ್ಲಿ ಕಟ್ಟಿಸಿದ್ದು. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ, ಗಾರೆ. ಒಳಗೆ ಕೈ ಮುಗಿದುಕೊಂಡು ನಿಂತಿರೋ ಮುಮ್ಮಡಿಯವರ ಮತ್ತು ರಾಣಿಯರ ವಿಗ್ರಹಗಳಿವೆ, ಅದನ್ನೂ ತೋರಿಸಿ. ಸಿಂಹಾಸನ ಇದ್ದೂ ರಾಜ್ಯಭಾರ ಕೈಯಲ್ಲಿ ಇಲ್ಲದ ದೊರೆ ಅವರು, 1831ರಲ್ಲೇ ಬ್ರಿಟಿಷರು ಆಡಳಿತ ತೆಗೆದುಕೊಂಡಿದ್ರು. ಅಂಥ ಕಾಲದಲ್ಲಿ ಎದ್ದ ಗೋಪುರ ಇದು. ಆ ವಿಗ್ರಹದ ಮುಂದೆ ನಿಂತಾಗಲೆಲ್ಲ ನನಗೆ ಇದೇ ನೆನಪಾಗುತ್ತೆ.

ಹಾಗೇ ಪಚ್ಚೆ ಲಿಂಗ. ಪಟ್ಟದಾನೆಗೆ ಕಣ್ಣು ಕಾಣದೆ ಹೋಗಿ, ಇಲ್ಲಿ ಒಂದು ಮಂಡಲ ಸೇವೆ ಮಾಡಿಸಿದ ಮೇಲೆ ದೃಷ್ಟಿ ಬಂತಂತೆ. ಟಿಪ್ಪು ಸುಲ್ತಾನ್ ಅದಕ್ಕೇ ಪಚ್ಚೆ ಲಿಂಗ ಕೊಟ್ಟು ದೇವರನ್ನ ಹಕೀಮ್ ನಂಜುಂಡ ಅಂತ ಕರೆದನಂತೆ.

ಅಗ್ರಹಾರದ ಹಿರಿಯ

ಆನೆ ಹೈದರಾಲಿಯದು ಸ್ವಾಮಿ. ನಮ್ಮ ತಂದೆಯವರು ಹೇಳ್ತಿದ್ದುದು ಹಾಗೇ. ಪಚ್ಚೆ ಹಾರ ಹೈದರಾಲಿ ಕೊಟ್ಟಿದ್ದು.

ಶಾಸನದ ಬೆನ್ನು ಹತ್ತಿದವ

ಹೌದು ಸಾರ್, ಆ ಐತಿಹ್ಯವೂ ಇದೆ. ಹಾರ ತಂದೆಯದು, ಲಿಂಗ ಮಗನದು ಅನ್ನೋರೂ ಇದ್ದಾರೆ. ಎರಡು ಹೇಳಿಕೆಯಲ್ಲೂ ಬದಲಾಗದೆ ಉಳಿಯೋದು ಆ ಹೆಸರು, ಹಕೀಮ್ ನಂಜುಂಡ. ನಂಜು ಉಂಡವನೇ ವೈದ್ಯ. ಮೈಮೇಲೆ ಗಂಧೆ ಎದ್ದರೆ, ಕಣ್ಣಿಗೆ ಏನಾದರೂ ಆದರೆ ಹಳ್ಳಿಯ ಜನ ಇವತ್ತಿಗೂ ನಂಜುಂಡಪ್ಪನಿಗೆ ಹೇಳಿಕೊಳ್ತಾರೆ. ಉರುಳುಸೇವೆ ಮಾಡೋರಲ್ಲಿ ಕಾಯಿಲೆಯ ಹರಕೆಯವರು ಎಷ್ಟೋ ಜನ. ದೇವರ ನೈವೇದ್ಯವೂ ಹಾಗೇ: ಬೆಣ್ಣೆ, ಶುಂಠಿ, ಸಕ್ಕರೆ ಕಲಸಿದ ಸುಗಂಧಿತ ಸಕ್ಕರೆ. 

ಹಲ್ಲುಪುಡಿ ಬಗ್ಗೆ ನೀವೇ ಹೇಳಿದ್ರಿ. ಅದನ್ನೂ ಈ ಸಾಲಿಗೇ ಸೇರಿಸಿ ನೋಡಿ. ವೈದ್ಯ ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಶುರು ಮಾಡಿದ್ದು ಇದೇ ಊರಲ್ಲಿ. ವೈದ್ಯ ದೇವರ ಊರಲ್ಲಿ ವೈದ್ಯಶಾಲೆ. ಬೆರಳ ತುದಿಗೆ ಪುಡಿ ಹಚ್ಚಿಕೊಂಡು ಬಚ್ಚಲ ಕಟ್ಟೆ ಮೇಲೆ ಕೂತ ಬೆಳಗು ಹಳೇ ಮೈಸೂರಿನ ಒಂದು ತಲೆಮಾರಿಗೆಲ್ಲ ನೆನಪಿದೆ.

ಮೀಟರ್‌ಗೇಜ್ ಮೇಷ್ಟ್ರು

ತಾಯಿ, ಎಲ್ಲರೂ ಗುಡಿಯಿಂದ ಶುರು ಮಾಡಿದರು. ನಾನು ಹೊಳೆಯಿಂದ ಶುರು ಮಾಡ್ತೀನಿ. ಹುಡುಗನನ್ನ ಮೊದಲು ಹಳೇ ಸೇತುವೆಗೆ ಕರ್ಕೊಂಡು ಹೋಗಿ. ಮೈಸೂರು ಕಡೆಯಿಂದ ಬರುವಾಗ ಊರಿನ ಬಾಗಿಲಲ್ಲೇ ಸಿಗುತ್ತೆ. ದೊಡ್ಡ ರಸ್ತೆಯ ಸೇತುವೆ ಮೇಲೆ ಕಾರಿನಲ್ಲಿ ಭರ್ರನೆ ಹೋಗೋರಿಗೆ ಪಕ್ಕದಲ್ಲಿ ಅದು ಇದ್ದದ್ದೂ ತಿಳಿಯೋದಿಲ್ಲ.

1735ರಲ್ಲಿ ಕಟ್ಟಿದ್ದು. ಕಟ್ಟಿಸಿದವರು ಮೈಸೂರಿನ ದಳವಾಯಿ, ಅಂದ್ರೆ ಸೇನಾಪತಿ, ದೇವರಾಜಯ್ಯ. ಅವರ ಮನೆತನದ ಊರು ಕಳಲೆ, ನಂಜನಗೂಡಿಗೆ ಕೂಗಳತೆ ದೂರ. ಒಡೆಯರು ಹೆಸರಿಗೆ ದೊರೆ, ಅಧಿಕಾರವೆಲ್ಲ ಕಳಲೆ ದಳವಾಯಿಗಳ ಕೈಯಲ್ಲಿ ಅನ್ನೋ ಕಾಲ ಅದು. ಉದ್ದ ಸುಮಾರು 225 ಮೀಟರು, ಕಂಬ ಐವತ್ತಾರು, ಚೂಪು ತುದಿಯ ಕಮಾನುಗಳು. ಯಾತ್ರೆಯ ಜನ, ಎತ್ತಿನ ಗಾಡಿ, ಕುದುರೆ, ದಂಡು ದಾಟಲಿ ಅಂತ ಕಟ್ಟಿದ ಸೇತುವೆ. ನೂರೈವತ್ತು ವರ್ಷ ಕಳೆದ ಮೇಲೆ ಮೈಸೂರಿನಿಂದ ರೈಲು ಬಂತಲ್ಲ, ಆಗ ಇದರ ಮೇಲೇ ಹಳಿ ಹಾಕಿದರು. ಒಂದು ಮಗ್ಗುಲಲ್ಲಿ ಹಳಿ, ಇನ್ನೊಂದು ಮಗ್ಗುಲಲ್ಲಿ ರಸ್ತೆ. ನಮ್ಮಲ್ಲಿ ರೈಲು ಅಂದ್ರೇನು ಅಂತಲೇ ಗೊತ್ತಿರದ ಕಾಲದ ಕಮಾನುಗಳು ಉಗಿಬಂಡಿಯನ್ನ ಹೊತ್ತವು, ಡೀಸೆಲ್ ಎಂಜಿನ್ನನ್ನೂ ಹೊತ್ತವು. ರೈಲು ಓಡಿದ ಸೇತುವೆಗಳಲ್ಲಿ ದೇಶದಲ್ಲೇ ಅತಿ ಹಳೆಯದು ಅಂತ ಇದಕ್ಕೆ ಹೆಸರು.

ಇಪ್ಪತ್ತೆರಡು ವರ್ಷ ನಾನು ಮೈಸೂರಿಂದ ಚಾಮರಾಜನಗರದ ಗಾಡಿ ಹತ್ತಿ ಸ್ಕೂಲಿಗೆ ಹೋದವನು. ಸೇತುವೆ ಬಂತು ಅಂದ್ರೆ ಗಾಡಿ ನಿಧಾನ ಆಗೋದು. ಚಕ್ರದ ಸದ್ದೇ ಬೇರೆಯಾಗೋದು, ಬಾವಿಯೊಳಗೆ ಯಾರೋ ಮಾತಾಡಿದ ಹಾಗೆ. ಕಿಟಕಿ ಪಕ್ಕದ ಹೆಂಗಸರು ಸೆರಗಿನ ಗಂಟು ಬಿಚ್ಚಿ ಹೊಳೆಗೆ ಕಾಸು ಹಾಕೋರು. ಮಗ್ಗುಲಲ್ಲೇ ಸೈಕಲ್ಲಿನವನು ಒಂದು ಕಾಲು ಕೆಳಗೂರಿ ನಿಂತು ನಮ್ಮನ್ನ ನೋಡೋನು. ಅವನಿಗೂ ನನಗೂ ಮಧ್ಯೆ ಇದ್ದದ್ದು ಎರಡು ಮಾರು ಜಾಗ. ಅಗಲ ಹಳಿಯ ಬ್ರಾಡ್‌ಗೇಜ್ ಬಂತು, ಪಕ್ಕದಲ್ಲಿ ಹೊಸ ಸೇತುವೆ ಎದ್ದಿತು, ಹಳೆಯದರ ಮೇಲೆ ಗಾಡಿ ನಿಂತಿತು. ನಾನು ನಿವೃತ್ತಿಯಾದ ಮೇಲೆ ಒಂದು ಸಲ ಅದರ ಮೇಲೆ ನಡೆದು ಹೋದೆ. ಕಮಾನಿನ ಸಂದಿಯಲ್ಲಿ ಅರಳಿ ಸಸಿ ಬೇರು ಬಿಟ್ಟಿತ್ತು. ಬಗ್ಗಿ ಕಿತ್ತೆ, ಬರಲಿಲ್ಲ. ಬೇರು ಆಗಲೇ ಗಾರೆಯೊಳಗೆ ಹೋಗಿತ್ತು.

ರಥಬೀದಿ ಹುಡುಗ

ಮೇಷ್ಟ್ರೇ, ಓದಿ ಕಣ್ಣಲ್ಲಿ ನೀರು ಬಂತು. ಅದೇ ಸೇತುವೆ ಕೆಳಗೆ ನಾವೆಲ್ಲ ಈಜು ಕಲ್ತಿದ್ದು.

ಊರಿಗೆ ಹೊಸಬ

ಹೀಗೆ ಕೇಳ್ತೀನಿ ಅಂತ ಯಾರೂ ತಪ್ಪು ತಿಳ್ಕೋಬೇಡಿ. ಹರಕೆ ಅಂತ ಬರೋರು ದೇವರನ್ನ ನೋಡ್ಕೊಂಡು, ಪ್ರಸಾದ ತಗೊಂಡು ಹೋದ್ರೆ ಸಾಲದಾ? ಮಗೂಗೆ ಮುಡಿ ತೆಗೆಸೋ ದಿನ ಸೇತುವೆ, ಬಾಳೆತೋಟ ಅಂತ ಓಡಾಡಿದ್ರೆ ಬಂದ ಕೆಲಸದ ಮೇಲೆ ಮನಸ್ಸು ನಿಲ್ಲಲ್ಲ ಅಂತ ನನಗನಿಸುತ್ತೆ.

ಉತ್ತನಹಳ್ಳಿ ಸೊಸೆ

ತಪ್ಪೇನಿಲ್ಲ ಕಣಪ್ಪ, ಕೇಳಿದ್ದು ಒಳ್ಳೇದೇ ಆಯ್ತು. ಆದರೆ ನಮ್ಮ ಕಡೆ ನಂಜುಂಡಪ್ಪ ಗುಡಿಯೊಳಗೆ ಕೂತಿರೋ ದೇವರಷ್ಟೇ ಅಲ್ಲ. ಅವನೂ ಓಡಾಡಿದೋನೇ. ನಮ್ಮತ್ತೆ ರಾಗಿ ಬೀಸ್ತಾ ಹಾಡ್ಕೊಂಡು ಹೇಳ್ತಿದ್ದ ಕಥೆ ಕೇಳು.

ಬೆಟ್ಟದ ಚಾಮುಂಡಿಗೂ ಹೊಳೆ ದಡದ ನಂಜುಂಡನಿಗೂ ಒಲವು. ನಂಜುಂಡನಿಗೆ ಮನೇಲಿ ದೇವೀರಿ ಇದ್ದಾಳೆ. ಇವನು ರಾತ್ರಿ ಹೊತ್ತು ಹೊಳೆ ದಾಟಿ ಬೆಟ್ಟಕ್ಕೆ ಹೋಗೋದು, ಬೆಳಗಿನ ಜಾವ ಬರೋದು, ದೇವೀರಿ ಬಾಗಿಲಲ್ಲೇ ನಿಂತು "ಎಲ್ಲಿಗೋಗಿದ್ದೆ" ಅನ್ನೋದು. ಚಾಮುಂಡಿ ತಂಗಿ ನಮ್ಮೂರ ಮಾರಮ್ಮ. ಮಹಿಷನ ಒಂದೊಂದು ತೊಟ್ಟು ರಕ್ತ ನೆಲಕ್ಕೆ ಬಿದ್ದಾಗಲೂ ಒಬ್ಬೊಬ್ಬ ರಾಕ್ಷಸ ಏಳ್ತಿದ್ನಂತೆ. ಆಗ ಅಕ್ಕನ ಸಹಾಯಕ್ಕೆ ಬಂದು, ನಾಲಗೆ ಚಾಚಿ, ರಕ್ತ ನೆಲಕ್ಕೆ ಬೀಳದ ಹಾಗೆ ನೆಕ್ಕಿದವಳು ಇವಳೇ. ಈ ಜಗಳ, ಮುನಿಸು, ರಾಜಿ ಎಲ್ಲ ಪದ ಕಟ್ಟಿ ತಂಬೂರಿ ಹಿಡಿದೋರು, ಕಂಸಾಳೆಯೋರು ರಾತ್ರಿಯಿಡೀ ಹಾಡ್ತಾರೆ. ದೇವೀರಿಯ ಮಾತು ಬಂದಾಗ ಕೂತಿದ್ದ ಹೆಂಗಸರೆಲ್ಲ ಅವಳ ಕಡೆ ಆಗಿಬಿಡ್ತಾರೆ, ನಾನೂ ಅಷ್ಟೇ.

ತಂಗೀ, ಮೈಸೂರಿಂದ ಬರೋವಾಗ ಬೆಟ್ಟ ಕಾಣುತ್ತಲ್ಲ, ಅಲ್ಲಿಂದಲೇ ಮಗನಿಗೆ ಈ ಕಥೆ ಶುರು ಮಾಡು. ಹೊಳೆ ದಾಟೋ ಹೊತ್ತಿಗೆ ಸರಿಯಾಗಿ ನಂಜುಂಡ ಹೊಳೆ ದಾಟೋ ಜಾಗಕ್ಕೆ ಕಥೆ ಬಂದು ನಿಲ್ಲಬೇಕು. ಆಗ ಅವನಿಗೆ ಸೇತುವೆ ಯಾಕೆ ನೋಡಬೇಕು ಅಂತ ಯಾರೂ ಹೇಳಿಕೊಡೋದು ಬೇಡ.

ಊರಿಗೆ ಹೊಸಬ

ಈ ಕಥೆ ನನಗೆ ಗೊತ್ತೇ ಇರಲಿಲ್ಲ ಅಮ್ಮ. ಆರು ವರ್ಷದಿಂದ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡ್ತಿದೀನಿ, ದಿನಾ ಹೊಳೆ ದಾಟ್ತೀನಿ. ಹೇಳಿದ್ದಕ್ಕೆ ಕೈ ಮುಗೀತೀನಿ.

ಬಾಳೆತೋಟ

ರಸಬಾಳೆ ವಿಚಾರ ಬಂದದ್ದರಿಂದ ಬರೀತಿದೀನಿ. ದಯವಿಟ್ಟು ಓದಿ.

ದೇವಸ್ಥಾನದ ಸುತ್ತಮುತ್ತ, ಹೈವೇ ಪಕ್ಕದಲ್ಲಿ "ನಂಜನಗೂಡು ರಸಬಾಳೆ" ಅಂತ ಕೂಗಿ ಮಾರೋ ಹಣ್ಣಿನಲ್ಲಿ ಬಹುಪಾಲು ರಸಬಾಳೆ ಅಲ್ಲ. ಏಲಕ್ಕಿ ಬಾಳೆಯನ್ನೋ, ಬೇರೆ ಕಡೆಯಿಂದ ಬಂದ ಗೊನೆಯನ್ನೋ ಆ ಹೆಸರಲ್ಲಿ ಕೊಡ್ತಾರೆ. ಮಾರೋರನ್ನ ಬೈಯೋದಿಲ್ಲ, ಅವರಿಗೂ ಹೊಟ್ಟೆಪಾಡು. ಕೊಡೋಣ ಅಂದ್ರೆ ಅಸಲಿ ಹಣ್ಣೇ ಇಲ್ಲ.

ಯಾಕಿಲ್ಲ ಅಂದ್ರೆ ಪನಾಮ ಸೊರಗು ರೋಗ. ಅದು ಮಣ್ಣಿನಲ್ಲಿರೋ ಶಿಲೀಂಧ್ರ. ಬೇರಿನಿಂದ ಹತ್ತಿ, ಗಿಡದೊಳಗೆ ನೀರು ಏರೋ ದಾರಿಯನ್ನೇ ಮುಚ್ಚಿಬಿಡುತ್ತೆ. ಮೊದಲು ಕೆಳಗಿನ ಎಲೆ ಅಂಚಿಂದ ಹಳದಿ ಆಗುತ್ತೆ, ಆಮೇಲೆ ಎಲೆ ದಿಂಡಿಗೇ ಮುರಿದು ಸೀರೆ ಬಿಟ್ಟ ಹಾಗೆ ನೇತಾಡುತ್ತೆ. ದಿಂಡು ಅಡ್ಡ ಕುಯ್ದು ನೋಡಿದ್ರೆ ಒಳಗೆ ಕಂದು ಕೆಂಪು ಉಂಗುರ. ಗೊನೆ ಬಿಡೋ ಹೊತ್ತಿಗೆ ಗಿಡ ಹೋಗಿರುತ್ತೆ. ಔಷಧಿ ಹೊಡೆದ್ರೆ ಹೋಗಲ್ಲ. ಒಂದು ಸಲ ಮಣ್ಣಿಗೆ ಸೇರಿತು ಅಂದ್ರೆ ಹತ್ತಾರು ವರ್ಷ ಅಲ್ಲೇ ಇರುತ್ತೆ. ರಸ್ತಾಳಿ ಜಾತಿಯ ಬಾಳೆಗೆ ಈ ರೋಗ ತಡ್ಕೊಳ್ಳೋ ಶಕ್ತಿ ಇಲ್ಲ, ನಮ್ಮ ರಸಬಾಳೆ ಅದೇ ಜಾತಿಯದು. ನಮ್ಮಪ್ಪನ ಕಾಲಕ್ಕೆ ಮೂರು ಎಕರೆ ಇತ್ತು, ಈಗ ನನ್ನ ಹತ್ತಿರ ಹನ್ನೆರಡು ಗುಂಟೆ. ದೇವರಸನಹಳ್ಳಿ ಕಡೆ ಕೆಲವರು ಇನ್ನೂ ಹಟ ಹಿಡಿದು ಬೆಳೀತಿದಾರೆ. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ತು, ಸಂತೋಷ. ಆದರೆ ಮಾನ್ಯತೆಯ ಪತ್ರಕ್ಕೆ ರೋಗ ಬಿಡಿಸೋ ಶಕ್ತಿ ಇಲ್ಲವಲ್ಲ.

ಅಸಲಿ ಹಣ್ಣು ಹೇಗಿರುತ್ತೆ ಅಂತೀರಾ? ತೆಳು ಸಿಪ್ಪೆ. ಮಾಗಿದ ಮೇಲೆ ಮನೆಯ ಯಾವ ಮೂಲೆಯಲ್ಲಿಟ್ರೂ ಬಾಗಿಲು ತೆಗೆದ ಕೂಡಲೇ ವಾಸನೆ ಬರುತ್ತೆ. ಬಾಯಿಗಿಟ್ರೆ ಹಿಟ್ಟು ಹಿಟ್ಟಾಗಲ್ಲ, ಬೆಣ್ಣೆ ಕರಗಿದ ಹಾಗೆ ಹೋಗುತ್ತೆ.

ಅಕ್ಕಾವ್ರೇ, ನೀವು ಬರೋ ದಿನ ತಿಳಿಸಿ. ಗೊನೆ ಇದ್ರೆ ಒಂದು ಚಿಪ್ಪು ನಿಮ್ಮ ಮಗನಿಗೆ ಇಡ್ತೀನಿ. ತೋಟಕ್ಕೆ ಬರೋದಾದ್ರೆ ಚಪ್ಪಲಿ ತೊಳ್ಕೊಂಡು ಬರಬೇಕು, ಮೊದಲೇ ಹೇಳಿಬಿಡ್ತೀನಿ. ಬೇರೆ ತೋಟದ ಮಣ್ಣು ಅಂಟಿಕೊಂಡು ಬಂದ್ರೆ ರೋಗವೂ ಜೊತೇಲೇ ಬರುತ್ತೆ.

ಪುಣೆಯ ಮೊಮ್ಮಗಳು

ಅಣ್ಣಾ, ಖಂಡಿತ ಬರ್ತೀವಿ. ಮೇಷ್ಟ್ರಿಗೆ, ಅಮ್ಮನಿಗೆ, ಎಲ್ಲರಿಗೂ ಏನು ಹೇಳಬೇಕೋ ಗೊತ್ತಾಗ್ತಿಲ್ಲ. ನಮ್ಮಜ್ಜಿ ಯಾವಾಗಲೂ "ಈಗಿನ ಹಣ್ಣಿನಲ್ಲಿ ಏನಿದೆ" ಅಂತಿದ್ರು. ವಯಸ್ಸಾದೋರು ಹಾಗೇ ಹೇಳೋದು ಅಂದ್ಕೊಂಡಿದ್ದೆ.

ಇನ್ನೊಂದು ಪ್ರಶ್ನೆ. ಹೊಳೆಯಲ್ಲಿ ಮಕ್ಕಳನ್ನ ಇಳಿಸಬಹುದಾ?

ಹೊಳೆದಂಡೆ

ಇದಕ್ಕೆ ನಾನು ಉತ್ತರ ಕೊಡ್ತೀನಿ. ಸ್ನಾನಘಟ್ಟದ ಮೆಟ್ಟಿಲ ಮೇಲೆ, ಸರಪಳಿ ಹಿಡ್ಕೊಂಡು, ಮೊಣಕಾಲು ಮಟ್ಟಕ್ಕೆ. ಅದಕ್ಕಿಂತ ಮುಂದೆ ಬೇಡ. ಕಪಿಲೆ, ಅಂದ್ರೆ ನಮ್ಮ ಕಬಿನಿ ಹೊಳೆ, ಮೇಲೆ ಸುಮ್ಮನಿರುತ್ತಾಳೆ, ಒಳಗೆ ಸೆಳೆತ ಜಾಸ್ತಿ.

ಈ ಹೊಳೆಯ ಸ್ವಭಾವವೂ ನಿಮಗೆ ಗೊತ್ತಿರಲಿ. ಹುಟ್ಟೋದು ಕೇರಳದ ವಯನಾಡಿನಲ್ಲಿ. ಅಲ್ಲಿ ಮಳೆ ಹೊಡೆದ್ರೆ ಇಲ್ಲಿ ಬಿಸಿಲಿದ್ರೂ ನೀರು ಏರುತ್ತೆ. ಬೀಚನಹಳ್ಳಿ ಹತ್ತಿರದ ಕಬಿನಿ ಅಣೆಕಟ್ಟು 1974ರಲ್ಲಿ ಆಯ್ತು. ತುಂಬಿದ ಮೇಲೆ ಬಂದಷ್ಟೂ ಬಿಡಲೇಬೇಕು. 2018ರಲ್ಲಿ ನೋಡಿದ್ವಿ, 2019ರ ಆಗಸ್ಟಿನಲ್ಲಿ ಇನ್ನೂ ಜೋರು, ಒಂದು ಲಕ್ಷ ಕ್ಯೂಸೆಕ್ ದಾಟಿತ್ತು. ಹದಿನಾರು ಕಾಲು ಮಂಟಪ ಪೂರ್ತಿ ಮುಳುಗಿತು, ಪರಶುರಾಮ ದೇವಸ್ಥಾನಕ್ಕೆ ನೀರು, ಮಲ್ಲನಮೂಲೆ ಮಠದ ಹತ್ತಿರ ಊಟಿ ರಸ್ತೆ ಮೇಲೇ ಹೊಳೆ. ನಮ್ಮ ಬೀದಿಯವರು ಹಸು, ಅಕ್ಕಿ ಮೂಟೆ, ದೇವರ ಫೋಟೋ, ಶಾಲೆ ಪುಸ್ತಕ ಅಂತ ಒಂದೊಂದಾಗಿ ಎತ್ತಿಕೊಂಡು ಮೇಲಕ್ಕೆ ಹೋದ್ವಿ. ನೀರು ಇಳಿದ ಮೇಲೆ ಗೋಡೆಯಲ್ಲಿ ಒಂದು ಕೆಸರಿನ ಗೆರೆ ಉಳಿಯಿತು. ನಮ್ಮವ್ವ ಅದನ್ನ ಸುಣ್ಣ ಹೊಡೆದು ಮುಚ್ಚೋಕೆ ಬಿಡಲಿಲ್ಲ. ಅದಕ್ಕೆ ಅರಿಶಿನ ಕುಂಕುಮ ಇಟ್ಲು. ಅಲ್ಲಿಯ ತನಕ ಬಂದಿದ್ದಳು ತಾಯಿ ಅಂತ.

ಈಗ ನನ್ನ ಸಂಕಟ ಒಂದು ಹೇಳ್ತೀನಿ. ಹರಕೆ ತೀರಿಸಿ ಮುಳುಗಿದ ಮೇಲೆ ಉಟ್ಟ ಬಟ್ಟೆ ಹೊಳೆಗೇ ಬಿಡೋ ಪದ್ಧತಿ. ದರಿದ್ರ ಹೋಗುತ್ತೆ ಅನ್ನೋ ನಂಬಿಕೆ. ಒಬ್ಬೊಬ್ಬರು ಒಂದೊಂದೇ ಬಿಡೋದು, ಹುಣ್ಣಿಮೆ ದಿನ ಸಾವಿರಾರು ಆಗುತ್ತೆ. ನಾವು ಏಳೆಂಟು ಜನ ಭಾನುವಾರ ಬೆಳಿಗ್ಗೆ ಇಳಿದು ತೆಗೀತೀವಿ. ನೆನೆದ ಸೀರೆ ಎಷ್ಟು ಭಾರ ಅಂತ ಎಳೆದವರಿಗೇ ಗೊತ್ತು. ಒಂದೊಂದು ಸಲ ಹತ್ತು ಸೀರೆ ಜಡೆ ಹಾಕಿಕೊಂಡು, ಒಳಗೆ ಮರಳು ತುಂಬಿಕೊಂಡು, ನಾಲ್ಕು ಜನ ಎಳೆದ್ರೂ ಬರಲ್ಲ. ಮೊದಲು ಬಿಡ್ತಿದ್ದದ್ದು ಹತ್ತಿ ಬಟ್ಟೆ, ಕೊಳೆತು ಹೋಗೋದು. ಈಗಿನದು ಪಾಲಿಯೆಸ್ಟರ್, ವರ್ಷಗಟ್ಟಲೆ ಕಲ್ಲಿನ ಸಂದಿಯಲ್ಲಿ ಹಾಗೇ ಇರುತ್ತೆ. ಆ ಬಟ್ಟೆ ಕಾಲಿಗೆ ಸುತ್ತಿಕೊಂಡು ಜೀವ ಹೋಗೋ ಹಾಗಾದವರನ್ನ ಮೇಲೆತ್ತಿದ್ದೀವಿ.

ಅಕ್ಕ, ಮಗಳಿಗೆ ಮುಡಿ ತೆಗೆಸಿ, ಸ್ನಾನ ಮಾಡಿಸಿ. ಬಟ್ಟೆ ಮಾತ್ರ ಬಿಡಬೇಡಿ. ಹಿಂಡಿ ಚೀಲಕ್ಕೆ ಹಾಕ್ಕೊಳಿ. ಇಷ್ಟೇ ನನ್ನ ಕೋರಿಕೆ.

ಅಗ್ರಹಾರದ ಹಿರಿಯ

ಸರಿಯಾಗಿ ಹೇಳಿದೆಯಪ್ಪ. ಕಪಿಲೆಯೂ ಗುಂಡ್ಲು ಹೊಳೆಯೂ ಕೂಡುವ ಜಾಗ ನಮ್ಮದು. ಗುಂಡ್ಲು ಹೊಳೆಯನ್ನ ಪುರಾಣದಲ್ಲಿ ಕೌಂಡಿನ್ಯೆ ಅಂತಾರೆ. ತಾಯಿಯನ್ನ ಕೊಂದ ಪಾಪ ಹೊತ್ತ ಪರಶುರಾಮ ಕೊಡಲಿ ತೊಳೆದದ್ದು ಇಲ್ಲಿ ಅಂತ ಸ್ಥಳಪುರಾಣ. ತಪಸ್ಸಿಗೆ ಕೂರೋಕೆ ಪೊದೆ ಕಡಿಯುವಾಗ ಕೊಡಲಿ ಲಿಂಗಕ್ಕೆ ತಾಗಿ ರಕ್ತ ಬಂತು. ಅವನು ಹೆದರಿ ನಡುಗಿದಾಗ ಶಿವನೇ, ಹೊಳೆಯ ಹಸಿಮಣ್ಣು ಹಚ್ಚು, ವಾಸಿಯಾಗುತ್ತೆ ಅಂದನಂತೆ. ದೇವರ ಗಾಯಕ್ಕೇ ಔಷಧಿಯಾದ ಮಣ್ಣು ಇದು. ಅದರ ಮೇಲೆ ನೈಲಾನ್ ಸೀರೆ ಹಾಸಿದ್ರೆ ಯಾವ ಪುಣ್ಯ? ಪರಶುರಾಮನ ಗುಡಿಗೆ ಹೋಗದೆ ನಂಜನಗೂಡು ಯಾತ್ರೆ ಪೂರ್ತಿಯಾಗೋದಿಲ್ಲ ಅಂತ ಹಿಂದಿನವರು ಹೇಳ್ತಿದ್ರು, ಅಲ್ಲಿಗೂ ಹೋಗಿಬಾ ಮಗು.

ರಥಬೀದಿ ಹುಡುಗ

ಸಮಯ ಉಳಿದ್ರೆ ಬದನವಾಳು, ಗಾಂಧೀಜಿ ಬಂದುಹೋದ ಖಾದಿ ಕೇಂದ್ರ. ಇಲ್ಲಾಂದ್ರೆ ಹೊಳೆ ಹಿಡಿದು ಸುತ್ತೂರಿನ ಮೇಲೆ ತಿರುಮಕೂಡಲಿಗೆ ಹೋಗಿ, ಕಪಿಲೆ ಕಾವೇರಿಗೆ ಸೇರೋದು ಅಲ್ಲೇ. ಆದರೆ ಒಂದೂವರೆ ದಿನದಲ್ಲಿ ಎಲ್ಲಾ ಆಗಲ್ಲ ಅಕ್ಕ, ಆತುರ ಬೇಡ.

ಪುಣೆಯ ಮೊಮ್ಮಗಳು

ಹೋಗಿಬಂದ್ವಿ. ನಿನ್ನೆ ರಾತ್ರಿ ಪುಣೆ ತಲುಪಿದೆವು, ಬ್ಯಾಗು ಬಿಚ್ಚೋ ಮೊದಲೇ ಬರೆಯೋಕೆ ಕೂತಿದೀನಿ.

ಮೈಸೂರಿಂದ ಹೊರಟಾಗಲೇ ಕಥೆ ಶುರು ಮಾಡಿದೆ ಅಮ್ಮ, ನೀವು ಹೇಳಿದ ಹಾಗೇ. ಮಗ ದೇವೀರಿ ಪಕ್ಷ ಆದ. ಸೇತುವೆ ಹತ್ತಿರ ಬಂದಾಗ "ಕಾರ್ ನಿಲ್ಲಿಸು, ಅವನು ಎಲ್ಲಿ ದಾಟಿದ್ದು?" ಅಂದ. ಮಂಜು ಇನ್ನೂ ಹೊಳೆ ಮೇಲೇ ಇತ್ತು. ಕಮಾನುಗಳು ಅರ್ಧ ನೀರಲ್ಲಿ, ಅರ್ಧ ಮಂಜಲ್ಲಿ. ಮೂರು ಸಲ ಎಣಿಸೋಕೆ ಹೋದ, ಮೂರು ಸಲವೂ ನಡುವೆ ತಪ್ಪಿತು. ಕೊನೆಗೆ ಕಂಬದ ಮೇಲೆ ಅಂಗೈ ಊರಿ ನಿಂತ. ಕಲ್ಲು ತಣ್ಣಗಿದೆ, ಮಧ್ಯದಲ್ಲಿರೋ ಗಾರೆ ಬೆಚ್ಚಗಿದೆ ಅಂದ. ನಾನೂ ಮುಟ್ಟಿ ನೋಡಿದೆ. ಮೇಷ್ಟ್ರೇ, ಅದೇ ಹೊತ್ತಿಗೆ ಹೊಸ ಸೇತುವೆ ಮೇಲೆ ಚಾಮರಾಜನಗರದ ಗಾಡಿ ಹೋಯ್ತು. ಮಗ ಅವರ ಅಪ್ಪನ ಹತ್ತಿರ ಒಂದು ರೂಪಾಯಿ ಇಸ್ಕೊಂಡು ಹೊಳೆಗೆ ಹಾಕಿದ, ನಿಮ್ಮ ಪರವಾಗಿ ಅಂತ.

ಮಗಳು ಮುಡಿ ತೆಗೆಯುವಾಗ ಅಳಲೇ ಇಲ್ಲ. ತಲೆಗೆ ಗಂಧ ಹಚ್ಚಿದಾಗ ಮಾತ್ರ ತಣ್ಣಗಾಯ್ತೋ ಏನೋ, ಕಣ್ಣರಳಿಸಿ ನಮ್ಮನ್ನೆಲ್ಲ ನೋಡಿದಳು. ಬಟ್ಟೆ ಬಿಡಲಿಲ್ಲ ಅಣ್ಣ. ಪಕ್ಕದಲ್ಲಿದ್ದ ಒಬ್ಬ ಅಜ್ಜಿ "ಬುಟ್ಬುಡು ಮಗ, ದರಿದ್ರ ಹೋಗ್ಲಿ" ಅಂದರು. ಮಗನೇ ಅವರಿಗೆ ಹರುಕು ಮುರುಕು ಕನ್ನಡದಲ್ಲಿ ಹತ್ತು ಸೀರೆ ಜಡೆ ಹಾಕಿಕೊಂಡದ್ದನ್ನ ಹೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಸೀರೆಯನ್ನೂ ಹಿಂಡಿ ಮಡಿಚಿ ಚೀಲಕ್ಕೆ ಹಾಕ್ಕೊಂಡರು.

ಕಣ್ಣಪ್ಪನನ್ನ ಹುಡುಕಿದ್ದಾಯ್ತು. ಸಿಕ್ಕಿದ ಮೇಲೆ ಅವನ ಮುಂದಿಂದ ಏಳಲೇ ಒಲ್ಲ.

ಸಂಜೆ ತೋಟಕ್ಕೆ ಹೋದ್ವಿ. ಬೇಲಿಯ ಹತ್ತಿರ ಬಕೆಟ್ಟಿನಲ್ಲಿ ನೀರು ಇಟ್ಟಿದ್ರು, ಚಪ್ಪಲಿ ತೊಳೆದು ಒಳಗೆ. ಹನ್ನೆರಡು ಗುಂಟೆ ಅಂತ ಓದಿದ್ದೆ. ಕಣ್ಣಿಂದ ನೋಡಿದಾಗಲೇ ಅದೆಷ್ಟು ಚಿಕ್ಕದು ಅಂತ ತಿಳಿದದ್ದು. ಒಂದು ಚಿಪ್ಪು ಹಣ್ಣು ಗೋಣಿಯಲ್ಲಿ ಮುಚ್ಚಿಟ್ಟಿದ್ರು, ತೆಗೆದ ಕೂಡಲೇ ನನಗೆ ಅಜ್ಜಿಮನೆಯ ನಡುಮನೆ ನೆನಪಾಯ್ತು. ಮೂವತ್ತು ವರ್ಷ ಆಗಿತ್ತು ಆ ವಾಸನೆ ಕುಡಿದು. ಮಾತಾಡೋಕಾಗಲಿಲ್ಲ, ಮಗ ತಿಂದು ಮುಗಿಸೋ ತನಕ ಆ ಕಡೆ ತಿರುಗಿ ನಿಂತಿದ್ದೆ. ಹೊರಡೋವಾಗ ಪುಣೆಗೆ ಒಯ್ದು ನೆಡ್ತೀನಿ, ಒಂದು ಬಾಳೆಕಂದು ಕೊಡಿ ಅಂತ ಮಗ ಕೇಳಿದ. ಅಣ್ಣ ಇಲ್ಲ ಅಂದರು.

ಬಾಳೆತೋಟ

ಕೂಸಿಗೆ ಇಲ್ಲ ಅನ್ನೋಕೆ ನನಗೂ ಕಷ್ಟ ಆಯ್ತು ಅಕ್ಕಾವ್ರೇ. ಆದರೆ ನನ್ನ ಮಣ್ಣಿನ ಕಂದು ಹೊರಗೆ ಕೊಟ್ರೆ, ಒಳಗೆ ರೋಗ ಇದ್ರೆ ಕಣ್ಣಿಗೆ ಕಾಣಲ್ಲ, ಇನ್ನೊಬ್ಬರ ತೋಟ ಕೆಡುತ್ತೆ. ಲ್ಯಾಬಿನಲ್ಲಿ ಬೆಳೆಸಿದ ಅಂಗಾಂಶ ಕೃಷಿಯ ಸಸಿ ತರಿಸಿ ಕೊಡ್ತೀನಿ ಅಂದಿದೀನಿ, ಕೊಟ್ಟೇ ಕೊಡ್ತೀನಿ. ಕುಂಡದಲ್ಲಿ ಹೊಸ ಮಣ್ಣು ಹಾಕಿ ನೆಡಲಿ.

ರಥಬೀದಿ ಹುಡುಗ

ಅಕ್ಕ, ಸಸಿ ತಗೊಂಡು ಹೋಗೋಕೆ ಫಾಲ್ಗುಣದಲ್ಲಿ ಬನ್ನಿ, ದೊಡ್ಡ ಜಾತ್ರೆಗೆ. ಐದು ತೇರು ಎಳೀತೀವಿ: ಗಣಪತಿ, ಶ್ರೀಕಂಠೇಶ್ವರ, ಅಮ್ಮನವರು, ಸುಬ್ರಹ್ಮಣ್ಯ, ಚಂಡಿಕೇಶ್ವರ. ನಂಜುಂಡಪ್ಪನ ಗೌತಮ ರಥ ಮೂಲೆ ತಿರುಗುವಾಗ ಹಗ್ಗ ಹಿಡಿದ ಕೈಗೆ ಅದರ ತೂಕ ಗೊತ್ತಾಗುತ್ತೆ, ನಿಮ್ಮ ಮಗ ನನ್ನ ಪಕ್ಕದಲ್ಲೇ ಹಿಡೀಲಿ. ಆಮೇಲೆ ಹೊಳೆಯಲ್ಲಿ ತೆಪ್ಪೋತ್ಸವ. ತೇರಿಗೆ ಎಸೆಯೋ ಹಣ್ಣು ಜವನಕ್ಕೆ ನಮ್ಮ ತೋಟದಣ್ಣ ಎರಡು ಹಣ್ಣು ಎತ್ತಿಡ್ತಾರೆ, ನಾನು ಕೇಳಿದೀನಿ.

ಮೀಟರ್‌ಗೇಜ್ ಮೇಷ್ಟ್ರು

ನನ್ನ ಹೆಸರಲ್ಲಿ ಹೊಳೆಗೆ ಕಾಸು ಹಾಕಿದ ಹುಡುಗನನ್ನ ನಾನು ನೋಡಬೇಕು ತಾಯಿ. ಜಾತ್ರೆಯ ದಿನ ಬೆಳಿಗ್ಗೆ ಆರಕ್ಕೆ ಹಳೇ ಸೇತುವೆಯ ಮೈಸೂರು ಕಡೆಯ ತುದಿಯಲ್ಲಿ ಇರ್ತೀನಿ. ಇಬ್ಬರೂ ಕೂಡಿ ಎಣಿಸ್ತೀವಿ.

ಪುಣೆಯ ಮೊಮ್ಮಗಳು

ರೈಲಿಗೆ ಟಿಕೆಟ್ ನೋಡ್ತಿದೀನಿ ಮೇಷ್ಟ್ರೇ.